ಅಜ್ಜನ ಹಳೇ ರಿವಾಲ್ವರ್‌ಗೆ ಹೊಸ ಪಾಲಿಶ್ ಮಾಡಿಸಬೇಕೋ ಬ್ಯಾಡೋ: ಹೆಜ್ಜಿ ಹೆಜ್ಜಿಗೆ ಪೂರಾ ಮಾರ್ಗದರ್ಶಿ

ನಮ್ಮ ಅಜ್ಜ ಅಣ್ಣಿಗೇರಿ ಕಡೆ ಹತ್ತಿ ವ್ಯಾಪಾರ ಮಾಡ್ತಿದ್ರು. ಗದಗ, ಹುಬ್ಬಳ್ಳಿ ಪೇಟಿಯಿಂದ ರೊಕ್ಕ ಕಟ್ಟಿಕೊಂಡು ಹೊತ್ತು ಮುಣುಗಿದ ಮ್ಯಾಲೆ ಊರಿಗೆ ಬರೋದು ಇರ್ತಿತ್ತು, ಅದಕ್ಕ ಲೈಸೆನ್ಸ್ ಮಾಡಿಸಿ ಒಂದು .32 ರಿವಾಲ್ವರ್ ಇಟ್ಕೊಂಡಿದ್ರು. ಅಜ್ಜನಿಂದ ಅಪ್ಪಗ ಬಂತು, ಅಪ್ಪ ಹೋದ ಮ್ಯಾಲೆ ನನ್ನ ಹೆಸರಿಗೆ ಆತು. ಕೈಗೆ ಬಂದ ದಿನಾನ ಮನ್ಯಾಗ ಎಲ್ಲಾರೂ ಒಂದ ಮಾತು, ಇದನ್ನ ಪಾಲಿಶ್ ಮಾಡಿಸಿಬಿಡು, ಎಷ್ಟ್ ಕಪ್ಪಿಟ್ಟೈತಿ ನೋಡು, ಹೊಸದರಂಗ ಮಿಂಚಬೇಕು ಅಂತ. ಕಾಕಾ ಅಂತೂ ಯಾರ ಕಡೆ ಕೊಡಬೇಕು ಅಂತಾನೂ ಹೇಳಿಬಿಟ್ಟಿದ್ರು. ನಾ ಕೊಡಲಿಲ್ಲ. ಒಂದು ವರ್ಷ ತಡದೆ, ತಿಳದವರನ್ನ ಕೇಳಿದೆ, ಕಡೀಕ ಪಾಲಿಶ್ ಬ್ಯಾಡ ಅಂತ ತೀರ್ಮಾನ ಮಾಡಿದೆ. ಇಂಥಾ ವಸ್ತು ನಿಮ್ಮ ಕೈಗೂ ಬಂದಿದ್ರ ಯಾವ ಕ್ರಮದಾಗ ವಿಚಾರ ಮಾಡಬೇಕು ಅಂತ ಬರೀತೀನಿ, ಯಾಕಂದ್ರ ಒಮ್ಮೆ ಬಫಿಂಗ್ ಚಕ್ರಕ್ಕ (ಉಜ್ಜಿ ಹೊಳಪು ಕೊಡೋ ತಿರುಗೋ ಚಕ್ರ) ಹಿಡಿದ ಕಬ್ಬಿಣ ತಿರುಗಿ ಬರಂಗಿಲ್ಲ.

ಮೊದಲ ಖಾಲಿ ಐತೇನು ನೋಡ್ರಿ

ಟ್ರಂಕಿನ್ಯಾಗಿಂದ ತಗದ ಕೂಡಲೇ ಫೋಟೋ ತಗಿಯೋದು, ಮಕ್ಕಳ ಕೈಗೆ ಕೊಡೋದು ಮಾಡಬ್ಯಾಡ್ರಿ. ನಳಿಗಿ ಯಾರ ಕಡೆನೂ ತಿರಗಬಾರದು, ಬೆರಳು ಕುದುರಿ (ಟ್ರಿಗರ್) ಮ್ಯಾಲೆ ಇರಬಾರದು. ಹಳೇ ವೆಬ್ಲಿ ನಮೂನಿವು ನಡುವ ಮುರದು ತೆರೀತಾವ, ಹ್ಯಾಮರ್ (ಹಿಂದಿನಿಂದ ತೋಟಾಕ್ಕ ಹೊಡೆಯೋ ಸುತ್ತಿಗಿ) ಬಾಜೂಕ ಒಂದು ಚಿಲಕದಂಥ ಕೀಲಿ ಇರತೈತಿ, ಅದನ್ನ ಹೆಬ್ಬೆರಳಿನಿಂದ ಒತ್ತಿದ್ರ ನಳಿಗಿ ಕೆಳಗ ಬಾಗತೈತಿ. ಸಿಲಿಂಡರ್ ಬಾಜೂಕ ಹೊರಳೋ ನಮೂನಿ ಇದ್ರ, ಸ್ಮಿತ್ ಅಂಡ್ ವೆಸ್ಸನ್‌ದ ಕೀಲಿ ಮುಂದಕ್ಕ ನೂಕಬೇಕು, ಕೋಲ್ಟ್‌ದ ಹಿಂದಕ್ಕ ಜಗ್ಗಬೇಕು. ಜೋರು ಮಾಡಿ ತೆರೀಬ್ಯಾಡ್ರಿ. ಒಳಗ ತೋಟಾ ಇದ್ದು ಜಂಗಿನಿಂದ ಸಿಕ್ಕೊಂಡಿದ್ರ ಸ್ಕ್ರೂಡ್ರೈವರ್ ಹಾಕಿ ಮೀಟೋಕ ಹೋಗಬ್ಯಾಡ್ರಿ, ಅದು ಗನ್ ಹೌಸಿನ ಆರ್ಮರರ್ (ಬಂದೂಕು ರಿಪೇರಿ ಮಾಡೋರು) ಕೆಲಸ. ಡಬ್ಬಿ ಒಳಗ ಹಳೇ ತೋಟಾ ಸಿಕ್ರೂ ಅಷ್ಟ, ಅವಕ್ಕೂ ಲೈಸೆನ್ಸ್ ಬೇಕು. ಚಾಲೂ ಅದಾವೇನು ನೋಡೋಣ ಅಂತ ಹೊಲದಾಗ ಹಾರಿಸಿ ನೋಡೋದು ಬ್ಯಾಡ.

ಕಾಗದ ಆಗೋತನಕ ಪಾಲಿಶ್ ಮಾತ ಬ್ಯಾಡ

ಇದನ್ನ ಒತ್ತಿ ಹೇಳ್ತೀನಿ. ಅಪ್ಪನ ಲೈಸೆನ್ಸ್ ಅಪ್ಪನ ಜೋಡಿ ಮುಗೀತು. ರಿವಾಲ್ವರ್ ಮನಿದು ಇರಬಹುದು, ಆದ್ರ ನಿಮ್ಮ ಹೆಸರಿನ್ಯಾಗ ಲೈಸೆನ್ಸ್ ಬರೋತನಕ ಅದನ್ನ ಮನ್ಯಾಗ ಇಟ್ಕೊಳ್ಳೋ ಹಕ್ಕು ನಿಮಗಿಲ್ಲ. 1959ರ ಆರ್ಮ್ಸ್ ಆ್ಯಕ್ಟ್ 21ನೇ ಕಲಮಿನ ಪ್ರಕಾರ ತಡಾ ಮಾಡದ ಹತ್ತಿರದ ಪೊಲೀಸ್ ಸ್ಟೇಷನ್‌ದಾಗ ಇಲ್ಲಾ ಲೈಸೆನ್ಸ್ ಇರೋ ಡೀಲರ್ ಕಡೆ ಡಿಪಾಸಿಟ್ ಮಾಡಬೇಕು. 2016ರ ಆರ್ಮ್ಸ್ ರೂಲ್ಸ್‌ದಾಗ ವಾರಸುದಾರರಿಗೆ ಲೈಸೆನ್ಸ್ ಕೊಡೋದಕ್ಕ 25ನೇ ನಿಯಮ ಐತಿ. ಲೈಸೆನ್ಸ್ ಇದ್ದವರು ತೀರಿಕೊಂಡ ಮ್ಯಾಲೆ ಅಷ್ಟ ಅಲ್ಲ, ಅವರಿಗೆ 70 ವರ್ಷ ತುಂಬಿದ್ರ ಅಥವಾ ಆ ಆಯುಧ ಇಟ್ಕೊಂಡು 25 ವರ್ಷ ಆಗಿದ್ರ ಬದುಕಿದ್ದಾಗಲೇ ವಾರಸುದಾರರ ಹೆಸರು ಹೇಳಬಹುದು. ಮನ್ಯಾಗ ಹಿರೇರು ಇನ್ನೂ ಗಟ್ಟಿಮುಟ್ಟ ಇದ್ರ ಈಗ ಮಾಡಿಸಿಕೊಳ್ರಿ. ಆಮ್ಯಾಲೆ ಅಣ್ಣತಮ್ಮರು, ಅಕ್ಕತಂಗೇರ ಎಲ್ಲಾರ ಒಪ್ಪಿಗಿ ಪತ್ರ ಕೂಡಸಲಿಕ್ಕೆ ತಿರಗೋ ತ್ರಾಸು ಕಡಿಮಿ ಆದೀತು. ಹುಬ್ಬಳ್ಳಿ-ಧಾರವಾಡ ಕಮಿಷನರೇಟ್ ಹದ್ದಿನ್ಯಾಗ ಇದ್ರ ಪೊಲೀಸ್ ಕಮಿಷನರ್ ಆಫೀಸು, ಹಳ್ಳಿ ಕಡೆ ಮತ್ತ ಗದಗ, ಹಾವೇರಿ ಜಿಲ್ಲಾದವರಿಗೆ ಡಿಸಿ ಆಫೀಸು. 2019ರ ತಿದ್ದುಪಡಿ ಆದ ಮ್ಯಾಲೆ ಒಬ್ಬರ ಹೆಸರಿಗೆ ಎರಡಕ್ಕಿಂತ ಹೆಚ್ಚು ಇಡಂಗಿಲ್ಲ, ವಾರಸಾದಿಂದ ಬಂದಿದ್ದೂ ಆ ಲೆಕ್ಕದಾಗ ಬರತೈತಿ. ನಿಮ್ಮ ಕಡೆ ಮೊದಲ ಎರಡು ಬಂದೂಕು ಇದ್ರ ಅಜ್ಜಂದು ಬ್ಯಾರೆ ವಾರಸುದಾರರಿಗೆ ಹೋಗಬೇಕಾಗತೈತಿ.

ಬೋರ್ (ನಳಿಗಿ ತೂತಿನ ಅಳತಿ) ಸುದ್ದಿನೂ ನೋಡಿಕೊಳ್ರಿ. .32 ಸಾಮಾನ್ಯ ಮಂದಿಗೆ ಸಿಗೋ ಬೋರು. ಆದ್ರ ಮಿಲಿಟರಿ ತೋಟಾ ಆಗಿದ್ದ .455, .380 ಇವೆಲ್ಲಾ ಪ್ರೊಹಿಬಿಟೆಡ್ (ನಿಷೇಧಿತ) ಬೋರಿನ್ಯಾಗ ಬರ್ತಾವ, ಅವಕ್ಕ ಕಾನೂನು ಬ್ಯಾರೆನ ಐತಿ. ಅಳತಿ ಪಟ್ಟಿ ಹಿಡದು ಅಂದಾಜು ಮಾಡಬ್ಯಾಡ್ರಿ, ಹಳೇ ಲೈಸೆನ್ಸ್ ಪುಸ್ತಕದಾಗ ಏನ್ ಬರದಾರ ಅದನ್ನ ಓದ್ರಿ. ನೂರು ವರ್ಷದ್ದು, ಆ್ಯಂಟಿಕ್ ಆತು, ಲೈಸೆನ್ಸ್ ಯಾಕ ಬೇಕು ಅನ್ನೋರು ಭಾಳ ಮಂದಿ ಅದಾರ. ಕಾನೂನು ಬಿಡುಗಡೆ ಕೊಡೋದು ರಿಪೇರಿ ಮಾಡಿದ್ರೂ ಹಾರಲಾರದಂಥ ಆಯುಧಕ್ಕ ಅಷ್ಟ. ಬರೇ ವಯಸ್ಸು ಸಾಲಂಗಿಲ್ಲ.

ಕೈಯಾಗಿರೋ ವಸ್ತು ಯಾವುದು

ಲೈಸೆನ್ಸ್ ಕೈಗೆ ಬಂತು, ರಿವಾಲ್ವರ್ ಮನಿಗೆ ಬಂತು. ಈಗ ಕಿಟಕಿ ಹತ್ರ ಬೆಳಕಿನ್ಯಾಗ ಒಂದು ಬಿಳೇ ಬಟ್ಟಿ ಹಾಸಿ ಇಟ್ಟು, ಭೂತಗನ್ನಡಿ ಹಿಡದು ಒಂದು ತಾಸು ಕುಂದ್ರಿ. ಯಾರು ಮಾಡಿದ್ದು ಅಂತ ಓದ್ರಿ. ಇಂಗ್ಲೆಂಡಿನಿಂದ ಬಂದಿದ್ದ ಆಗಿದ್ರ ನಳಿಗಿ ಮ್ಯಾಲೆ, ಸಿಲಿಂಡರ್ ತೂತಿನ ನಡುವಿನ ಜಾಗಾದಾಗ ಸಣ್ಣ ಕಿರೀಟದ ಗುರುತು ಇರ್ತಾವ. ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸ್ 1813ರಿಂದ ಐತಿ, ಹೆಚ್ಚು ಮದ್ದು ಹಾಕಿ ಹಾರಿಸಿ ಪರೀಕ್ಷಾ ಮಾಡಿದ ಮ್ಯಾಲೆ ಹೊಡೆಯೋ ಠಸೆ ಅದು. ಸ್ಪೇನಿನ ಐಬಾರ್ ಊರಿನ್ಯಾಗ ಒಂದು ಕಾಲಕ್ಕ ಸ್ಮಿತ್ ಅಂಡ್ ವೆಸ್ಸನ್ ನಕಲು ರಾಶಿ ರಾಶಿ ಮಾಡ್ಯಾರ, ದೂರದಿಂದ ನೋಡಿದ್ರ ಗೊತ್ತಾಗಂಗಿಲ್ಲ, ಅದಕ್ಕ ಅಕ್ಷರ ಪೂರಾ ಓದಬೇಕು. ನಂಬರು ಒಂದ ಕಡೆ ಇರಂಗಿಲ್ಲ. ಹಳೇ ಸ್ಮಿತ್ ಅಂಡ್ ವೆಸ್ಸನ್‌ದಾಗ ಹಿಡಿಕಿ ತಳದಾಗ, ಸಿಲಿಂಡರ್ ಹಿಂದಿನ ಮಗ್ಗಲ, ನಳಿಗಿ ಕೆಳಗ ಮೂರೂ ಕಡೆ ಅದ ನಂಬರ್ ಇದ್ರ ಎಲ್ಲಾ ಭಾಗ ಹುಟ್ಟಿದಾಗಿನವ ಅಂತ ಅರ್ಥ. ಎಲ್ಲಾ ಗುರುತೂ ಫೋಟೋ ತಗದು ಇಟ್ಕೊಳ್ರಿ, ಒಂದೊಂದೂ.

ಈಗ ಬಣ್ಣ ನೋಡ್ರಿ, ಅಂದ್ರ ಉಕ್ಕಿನ ಮ್ಯಾಲೆ ಕೊಟ್ಟಿರೋ ನೀಲಿಗಪ್ಪು ಹೊದಿಕಿ, ಅದು ಮೂಲದ್ದೋ, ಹಿಂದ ಯಾರೋ ಮಾಡಿಸಿದ್ದೋ. ಅಕ್ಷರದ ಅಂಚು ಬೆರಳಿಗೆ ಹತ್ತಂಗ ಚೂಪ ಇದ್ರ ಯಾರೂ ಮುಟ್ಟಿಲ್ಲ. ಅಕ್ಷರ ಕರಗಿದ ಬೆಲ್ಲದಂಗ ಮೆತ್ತಗಾಗಿದ್ರ, ಸ್ಕ್ರೂ ತೂತಿನ ಸುತ್ತ ತಟ್ಟಿಯಂಗ ತಗ್ಗು ಬಿದ್ದಿದ್ರ, ನೇರ ಇರಬೇಕಾದ ಏಣು ದುಂಡಗ ಆಗಿದ್ರ ಅದು ಒಮ್ಮೆ ಬಫಿಂಗ್ ಕಂಡೈತಿ. ಜಂಗಿನ ತಗ್ಗಿನ ಒಳಗೂ ನೀಲಿ ಬಣ್ಣ ಕೂತಿದ್ರ ಮೊದಲ ಜಂಗು ತಿಂದು ಆಮ್ಯಾಲೆ ಬಣ್ಣ ಹಚ್ಯಾರ. ಸ್ಮಿತ್ ಅಂಡ್ ವೆಸ್ಸನ್ ಹ್ಯಾಮರ್, ಟ್ರಿಗರ್ ಮ್ಯಾಲೆ ಕಾರ್ಖಾನಿಯವರು ಕಂದು, ನೀಲಿ, ಬೂದಿ ಕಲಸಿದಂಥ ಮೋಡದ ಬಣ್ಣ ಬಿಟ್ಟಿರ್ತಾರ. ಅವೂ ನಳಿಗಿಯಂಗ ಕಪ್ಪಗ ಇಲ್ಲಾ ನಿಕಲ್ ಲೇಪ ಇದ್ರ ಯಾರೋ ಕೈ ಹಾಕ್ಯಾರ ಅಂತ ತಿಳೀರಿ. ಹೊರಗಿನ ದೇಶದ ಸಂಗ್ರಾಹಕರು ಸವದ ಮೂಲ ಬಣ್ಣಕ್ಕ ಕೊಡೋ ಬೆಲಿ ಹೊಳೆಯೋ ಹೊಸ ಬಣ್ಣಕ್ಕ ಕೊಡಂಗಿಲ್ಲ.

ಹಿಡಿಕಿ ದಂತದ್ದು ಅನ್ನಿಸಿದ್ರ ಹುಷಾರ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಆನಿ ದಂತದ ವ್ಯಾಪಾರ ಬಂದ್ ಐತಿ. ಅದನ್ನ ಬಿಚ್ಚಿ ಮಾರೋದು, ಬದಲಿ ಕೊಡೋದು ಅಂತ ಹೋಗಬ್ಯಾಡ್ರಿ, ಅರಣ್ಯ ಇಲಾಖೆಯವರನ್ನ ಕೇಳ್ರಿ. ಹಳೇ ಕರೇ ಗಟ್ಟಿ ರಬ್ಬರಿನ ಹಿಡಿಕಿ ಬಿಸಲಿಗೆ ಕಂದು ಆಗಿರ್ತಾವ, ಆಗಲಿ ಬಿಡ್ರಿ, ಉಜ್ಜಿದ್ರ ಅದರ ಮ್ಯಾಲಿನ ಚಿತ್ತಾರ ಹೋಗತೈತಿ.

ಜಂಗು ಜೀವಂತ ಐತೋ, ಮಲಗೈತೋ

ಇಡೀ ತೀರ್ಮಾನ ನಿಂತಿರೋದು ಇದರ ಮ್ಯಾಲೆ. ಕೆಂಪ ಇಟ್ಟಂಗಿ ಬಣ್ಣದ, ಬೆರಳಿಗೆ ಪುಡಿ ಹತ್ತೋ ಜಂಗು ಜೀವಂತ ಐತಿ, ಈಗೂ ತಿನ್ನಾಕತ್ತೈತಿ. ಕಾಫಿ ಬಣ್ಣಕ್ಕ ತಿರುಗಿ, ನುಣ್ಣಗ, ಒರಸಿದ್ರ ಬಟ್ಟಿಗೆ ಹತ್ತದ ಇರೋದು ವಯಸ್ಸು. ಅದು ಮುಂದ ಹೋಗಂಗಿಲ್ಲ, ಕೆಳಗಿನ ಕಬ್ಬಿಣಕ್ಕ ಒಂದು ಹೊದಿಕಿಯಂಗ ಕೂತಿರತೈತಿ.

ಪರೀಕ್ಷಾ ಮಾಡೋದು ಹಿಂಗ. ಹೊಲಿಗಿ ಮಷೀನಿನ ಎಣ್ಣಿ ಎರಡು ಹನಿ ಬಿಟ್ಟು ಒಂದು ರಾತ್ರಿ ಹಂಗ ಬಿಡ್ರಿ. ಮರುದಿನ ಹಳೇ ತೂತಿನ ದುಡ್ಡು ಮನ್ಯಾಗ ಇದ್ರ ತಗೊಳ್ರಿ, 1943ರಿಂದ 47ರ ತನಕ ಬಂದ ಕಂಚಿನ ಬಿಲ್ಲಿ. ಕಂಚು ಉಕ್ಕಿಗಿಂತ ಮೆತ್ತಗ, ಹಂಗಾಗಿ ಅದರ ಅಂಚಿನಿಂದ ಮೆಲ್ಲಕ ಕೆರದ್ರ ಕೆಂಪು ಜಂಗು ಏಳತೈತಿ, ಕೆಳಗಿನ ನೀಲಿ ಬಣ್ಣಕ್ಕ ಗೀರು ಬೀಳಂಗಿಲ್ಲ. ನಾ ಅಜ್ಜನ ಡಬ್ಬಿಯಾಗಿನ ಅಂಥಾದ್ದೊಂದು ದುಡ್ಡಿನಿಂದನ ನಳಿಗಿ ಎಡಮಗ್ಗಲ ಕೆರದೆ, ಜಂಗಿನ ಕೆಳಗ ಹೆಚ್ಚುಕಮ್ಮಿ ಪೂರಾ ಬಣ್ಣ ಇತ್ತು. ಮನಿಮಂದಿ ಎಲ್ಲಾ ಹಾಳಾಗೇತಿ ಅಂತ ತಿಳಕೊಂಡಿದ್ದು ಬರೇ ಮ್ಯಾಲಿನ ಹೊಲಸು.

ನಮ್ಮ ಕಡೆ ಜಂಗಿನ ಮೂಲ ಹುಡುಕಿದ್ರ ಭಾಳ ಸಲ ಅದು ಖಂಡೇ ಪೂಜಿಗೆ (ಮಾನೋಮಿ ಆಯುಧ ಪೂಜಿ) ಹೋಗಿ ಮುಟ್ಟತೈತಿ. ಆಯುಧದ ಮ್ಯಾಲೆ ನಮ್ಮ ಭಾಗದ ಮಂದಿಯ ಮಮತಾ ಹೊಸದಲ್ಲ, 1857ರಾಗ ಬ್ರಿಟಿಷರು ಆಯುಧ ಒಪ್ಪಿಸ್ರಿ ಅಂದಾಗ ಹಲಗಲಿ ಬೇಡರು ಕೊಡಂಗಿಲ್ಲ ಅಂತ ನಿಂತ್ರು, ಮರುವರ್ಷ ನರಗುಂದ ಬಂಡಾಯ ಎದ್ದಿತು, ಇವತ್ತಿಗೂ ಮಾನೋಮಿಯಾಗ ಕುಡಗೋಲಿನಿಂದ ಹಿಡದು ಬಂದೂಕಿನ ತನಕ ಎಲ್ಲಾ ತೊಳದು ಸಾಲಾಗಿ ಇಟ್ಟು ಪೂಜಿ ಮಾಡ್ತೀವಿ. ಮಾಡಬೇಕು. ಆದ್ರ ಹಸೀ ಇಬತ್ತಿ, ಕುಂಕುಮ, ನಿಂಬಿಹಣ್ಣಿನ ರಸ, ಹೂವಿನ ನೀರು ಬನ್ನಿ ಮುಡಿಯೋತನಕ ಉಕ್ಕಿನ ಮ್ಯಾಲೆ ಕೂತ್ರ ಅಷ್ಟ ಆಕಾರದಾಗ ಕಬ್ಬಿಣ ತಿಂತಾವ. ನಾ ನೋಡಿದ ಒಂದು ಬಂದೂಕಿನ ನಳಿಗಿ ಮ್ಯಾಲೆ ಮೂರು ಬೆರಳಿನ ಇಬತ್ತಿ ಗೆರಿ ಹಂಗ ತಗ್ಗಾಗಿ ಕೂತಾವ. ಪೂಜಿ ಮುಗದ ರಾತ್ರೀನ ಒರಸಿ ಎಣ್ಣಿ ಹಚ್ರಿ. ಇಲ್ಲಾ ಆಯುಧದ ಕೆಳಗ ಬಾಳಿಎಲಿ ಹಾಕಿ ಕುಂಕುಮ ಎಲಿಗೆ ಹಚ್ರಿ, ದೇವರು ತಗೋತಾನ.

ಪಾಲಿಶ್ ಅಂದ್ರ ಖರೇನ ಏನ್ ಮಾಡ್ತಾರ

ನೀಲಿ ಬಣ್ಣ ಅನ್ನೋದು ಪೇಂಟ್ ಅಲ್ಲ. ಅದೂ ಒಂದು ಥರದ ಜಂಗನ, ಕೆಂಪಿನ ಬದಲಿ ಕರೇ ಜಂಗು. ಹಳೇ ಕಾಲಕ್ಕ ಉಕ್ಕಿಗೆ ಬೇಕಂತ ತೆಳು ಕೆಂಪು ಜಂಗು ಹಿಡಸಿ, ನೀರಾಗ ಕುದಿಸಿ ಕಪ್ಪು ಮಾಡಿ, ಒರಸಿ, ಮತ್ತ ಹಿಡಸಿ, ಹಿಂಗ ದಿನಗಟ್ಟಲೆ ಮಾಡ್ತಿದ್ರು. ಈಗಿನ ಬಿಸಿ ಬ್ಲೂಯಿಂಗ್‌ದಾಗ ಕಾಸ್ಟಿಕ್ ಸೋಡಾ ಮತ್ತ ನೈಟ್ರೇಟ್ ಉಪ್ಪಿನ ನೀರನ್ನ ಸುಮಾರು 140 ಡಿಗ್ರಿಗೆ ಕಾಸಿ ಅದರಾಗ ಅದ್ದತಾರ. ಯಾವ ಪದ್ಧತಿ ಆದ್ರೂ ಆ ಪದರಕ್ಕ ದಪ್ಪ ಅನ್ನೋದ ಇಲ್ಲ, ಅದು ತಗ್ಗು ತುಂಬಂಗಿಲ್ಲ, ಗೀರು ಮುಚ್ಚಂಗಿಲ್ಲ. ಕೆಳಗ ಉಕ್ಕು ಹೆಂಗೈತೋ ಮ್ಯಾಲೆ ಹಂಗ ಕಾಣತೈತಿ. ನಿಕಲ್‌ದ್ದೂ ಅದ ಹಣೆಬರಹ. ಅಂದ್ರ ಹೊಸದರಂಗ ಕಾಣಬೇಕಂದ್ರ ಎಲ್ಲಕ್ಕಿಂತ ಆಳ ಇರೋ ತಗ್ಗಿನ ಮಟ್ಟಕ್ಕ ಸುತ್ತಲಿನ ಎಲ್ಲಾ ಉಕ್ಕನ್ನೂ ಕೆರದು ಇಳಿಸಬೇಕು. ಹಂಗ ಇಳಿಸುವಾಗ ಮೊದಲ ಹೋಗೋದು ಅಕ್ಷರ, ಪ್ರೂಫ್ ಗುರುತು, ನಂಬರು.

ನಂಬರ್ ಹೋದ್ರ ಅದು ಬರೇ ಅಂದದ ಮಾತಲ್ಲ. ಆರ್ಮ್ಸ್ ಆ್ಯಕ್ಟ್ 8ನೇ ಕಲಮು ಆಯುಧದ ಮ್ಯಾಲಿನ ಹೆಸರು, ನಂಬರು, ಗುರುತು ಅಳಿಸೋದು, ಬದಲಿಸೋದು ಅಪರಾಧ ಅಂತೈತಿ. ಅಳಿಸಿದ ಆಯುಧ ಯಾರ ಕಡೆ ಸಿಗತೈತೋ ಅವರ ಅಳಿಸ್ಯಾರ ಅಂತ ಹಿಡೀತಾರ, ಅಲ್ಲ ಅಂತ ತೋರಿಸೋದು ನಿಮ್ಮ ಕೆಲಸ. ನಮ್ಮ ಸೋದರಮಾವ ಹಾವೇರಿ ಕಡೆಯವರು, ಭಾಳ ವರ್ಷದ ಹಿಂದ ತಮ್ಮ ರಿವಾಲ್ವರ್ ಒಬ್ಬರ ಕಡೆ ಕೊಟ್ಟು ಬಫಿಂಗ್ ಮಾಡಿಸಿ ನಿಕಲ್ ಹಾಕಿಸಿದ್ರು. ಮನಿಗೆ ತಂದ ದಿನ ಬೆಳ್ಳಿ ಸಾಮಾನಿನಂಗ ಹೊಳೀತಿತ್ತು, ನಾವೆಲ್ಲಾ ಹುಡುಗೂರು ಸುತ್ತ ನಿಂತು ನೋಡಿದ್ವಿ. ಆಮ್ಯಾಲೆ ಲೈಸೆನ್ಸ್ ರಿನೀವಲ್‌ಗೆ ಆಯುಧ ತೋರಿಸಲಿಕ್ಕೆ ಹೋದಾಗ ನಂಬರಿನ್ಯಾಗ ಕಡೀ ಎರಡು ಅಂಕಿ ಓದಾಕ ಬರವಲ್ದು. ಮಾವ ಯಾರಿಗೂ ಮೋಸ ಮಾಡಿದ ಮನಶಾ ಅಲ್ಲ, ಆದ್ರೂ ಹಳೇ ರಸೀದಿ, ಹಳೇ ಲೈಸೆನ್ಸ್ ಪುಸ್ತಕ ಹಿಡಕೊಂಡು ತಿಂಗಳಾನಗಟ್ಟಲೆ ತಿರಗಿದ್ರು. ಅದು ಅಲ್ಲಿಗೂ ಮುಗೀಲಿಲ್ಲ, ಎರಡು ಮಳಿಗಾಲ ಕಳದ್ರಾಗ ನಿಕಲ್ ಉಬ್ಬಿ ಚೆಕ್ಕಿ ಎದ್ದು ಕೆಳಗಿಂದ ಜಂಗು ಬಂತು. ಆ್ಯಸಿಡ್‌ದಾಗ ಅದ್ದಿ ಪ್ಲೇಟಿಂಗ್ ಮಾಡಿದ್ರ ಒಳಗಿನ ಗಡಸು ಸ್ಪ್ರಿಂಗ್ ಸೆಡಸಾಗಿ ಪಟ್ ಅಂತ ಮುರಿಯೋ ಸಂಭವನೂ ಐತಿ.

ಹಂಗಾದ್ರ ಯಾವಾಗ ಮಾಡಿಸಬಹುದು

ನನ್ನ ಲೆಕ್ಕದಾಗ ಮೂರ ಸಂದರ್ಭ. ಹಿಂದ ಯಾರೋ ಕೆಟ್ಟ ಕೆಲಸ ಮಾಡಿ ಮೂಲ ಬಣ್ಣ ಮೊದಲ ಹೋಗಿದ್ದು, ಈಗ ಪ್ಲೇಟಿಂಗ್ ಎದ್ದು ಕೆಳಗ ಜಂಗು ನಡದಿದ್ರ ಮಾಡಿಸ್ರಿ, ಅಲ್ಲಿ ಉಳಿಸೋದು ಏನೂ ಇಲ್ಲ. ಜೀವಂತ ಜಂಗು ಪೂರಾ ಮೈತುಂಬ ಹರದು, ಎಣ್ಣಿಗೆ ನಿಲ್ಲದ ವರ್ಷಾ ವರ್ಷಾ ತಗ್ಗು ಬೆಳ್ಯಾಕತ್ತಿದ್ರ ಮಾಡಿಸ್ರಿ. ಇಲ್ಲಾ ಅದು ಕಾನಪುರದ ಸರ್ಕಾರಿ ಕಾರ್ಖಾನಿಯ ಇತ್ತೀಚಿನ .32 ಆಗಿದ್ದು, ನೀವು ದಿನಾ ಜೋಡಿ ಒಯ್ಯೋರಾಗಿದ್ರ, ಬೆವರಿಗೆ ಹೊದಿಕಿ ಬೇಕ ಬೇಕು.

ಇವು ಬಿಟ್ರ ನನ್ನ ಉತ್ತರ ಬ್ಯಾಡ ಅಂತನ. ಮುಂದಿನ ತುದಿಯಾಗ ಚರ್ಮದ ಚೀಲಕ್ಕ ತಿಕ್ಕಿ ಬೆಳ್ಳಗಾದ ಜಾಗಾ, ಹಿಡಿಕಿ ಹಿಂದ ಅಂಗೈ ಕೂತು ನುಣ್ಣಗಾದ ಜಾಗಾ, ಇವು ಅಜ್ಜ ಅದನ್ನ ಹೊತ್ತು ನಡದ ಗುರುತು. ಬ್ಯಾರೆ ಕಡೆ ಎಲ್ಲೂ ಆ ಗುರುತು ಉಳದಿಲ್ಲ.

ಇನ್ನೊಂದು ಮಾತು, ಬಣ್ಣಕ್ಕ ರೊಕ್ಕ ಹಾಕೋದಕ್ಕಿಂತ ಮೊದಲ ಯಂತ್ರ ತೋರಿಸ್ರಿ. ಹ್ಯಾಮರ್ ಪೂರಾ ಎಳದಾಗ ಸಿಲಿಂಡರ್ ಗಟ್ಟಿ ಕೂಡತೈತೋ, ತೂತು ನಳಿಗಿಗೆ ನೇರ ಬರತೈತೋ, ನಳಿಗಿ ಎಲ್ಲರ ಉಬ್ಬೈತೋ, ಇದನ್ನ ಆರ್ಮರರ್ ನೋಡಿ ಹೇಳಬೇಕು. ಖಾಲಿ ಅಂತ ಮನ್ಯಾಗ ಟಕ್ ಟಕ್ ಹೊಡಕೋತ ಕುಂದ್ರಬ್ಯಾಡ್ರಿ, ಹಳೇ ಪಿನ್ನು, ಸ್ಪ್ರಿಂಗ್ ಮುರದ್ರ ಜೋಡಿ ಸಿಗಂಗಿಲ್ಲ. 1900ರ ಹಿಂದಿನ ಭಾಳಷ್ಟು ರಿವಾಲ್ವರ್ ಕರೇ ಮದ್ದಿಗೆ ಮಾಡಿದ್ದು, ಹೊಸ ತೋಟಾದ ಒತ್ತಡ ಅವು ತಡಕೊಳ್ಳಂಗಿಲ್ಲ. ಹೊಳಪು ಬಂತಂದ್ರ ಬಲ ಬಂತು ಅಂತ ಅಲ್ಲ.

ಕೊಡೋದ ಖರೇ ಆದ್ರ

ಬೈಕ್ ಬಂಪರ್ ಪ್ಲೇಟಿಂಗ್ ಮಾಡೋ ಅಂಗಡಿ, ಲೇಥ್ ವರ್ಕ್‌ಶಾಪ್, ಇವರ ಕಡೆ ಕೊಡಲಿಕ್ಕೆ ಬರಂಗಿಲ್ಲ, ಆಯುಧ ರಿಪೇರಿ ಮಾಡಲಿಕ್ಕೂ ಅದರದ ಲೈಸೆನ್ಸ್ ಬೇಕು, 5ನೇ ಕಲಮು. ಅವರ ಲೈಸೆನ್ಸ್ ಕೇಳಿ ನೋಡ್ರಿ, ನಾಚಬ್ಯಾಡ್ರಿ. ನಂಬರ್ ಬರದ ರಸೀದಿ ತಗೊಳ್ರಿ. ಆಮ್ಯಾಲೆ ಕೂತು ಮಾತಾಡ್ರಿ: ಅಣ್ಣಾರ, ಚಕ್ರಕ್ಕ ಹಿಡೀತೀರೋ, ಕಟಗಿ ತುಂಡಿಗೆ ಕಾಗದ ಸುತ್ತಿ ಕೈಲೆ ತಿಕ್ಕತೀರೋ? ಅಕ್ಷರದ ಮ್ಯಾಲೆ ಏನ್ ಮಾಡ್ತೀರಿ? ನಂಬರ್ ಇರೋ ಜಾಗಾ ಹಂಗ ಬಿಡ್ತೀರೋ? ಹ್ಯಾಮರ್, ಟ್ರಿಗರ್, ಸ್ಪ್ರಿಂಗ್ ಬ್ಯಾರೆ ತಗದಿಡ್ತೀರೋ? ಹಿಂದ ಮಾಡಿದ್ದು ಒಂದು ತೋರಸ್ರಿ. ಇಷ್ಟು ಕೇಳಿದಾಗ ಸಿಟ್ಟಾಗದ ಉತ್ತರ ಕೊಡೋರು ಸಿಕ್ರ ಅವರ ಕೈಗೆ ಕೊಡ್ರಿ. ತಗ್ಗು ಉಳದ್ರೂ ಅಡ್ಡಿಯಿಲ್ಲ, ಏಣು ಮತ್ತ ಅಕ್ಷರ ಉಳೀಬೇಕು ಅಂತ ಮೊದಲ ಹೇಳಿಬಿಡ್ರಿ.

ನಡುವಿನ ದಾರಿನೂ ಒಂದೈತಿ. ಆರ್ಮರರ್ ಪೂರಾ ಬಿಚ್ಚಿ, ಉಕ್ಕಿನ ಭಾಗ ಡಿಸ್ಟಿಲ್ಡ್ ವಾಟರ್‌ದಾಗ ಕುದಿಸಿದ್ರ ಜೀವಂತ ಕೆಂಪು ಜಂಗು ಕಪ್ಪಗ ತಿರುಗಿ ನಿಂತುಬಿಡತೈತಿ. ಉಕ್ಕು ಕೆರೆಯೋ ಪ್ರಶ್ನಿನ ಬರಂಗಿಲ್ಲ, ಮೂಲ ಬಣ್ಣನೂ ಉಳಿತೈತಿ. ನಂದೂ ಜಂಗು ಇನ್ನೂ ಜಾಸ್ತಿ ಇದ್ದಿದ್ರ ಇದನ್ನ ಮಾಡಿಸ್ತಿದ್ದೆ. ಬಾಟಲಿಯೊಳಗ ಬರೋ ತಣ್ಣನ ಬ್ಲೂ ಮಾತ್ರ ತರಬ್ಯಾಡ್ರಿ, ಒಂದು ಚಿಕ್ಕ ಗೀರಿಗೆ ನಡೀತೈತಿ, ಇಡೀ ಮೈಗೆ ಹಚ್ಚಿದ್ರ ಕಲಿ ಕಲಿ ಆಗಿ ನಾಕು ತಿಂಗಳಿಗೆ ಕಂದು ತಿರಗತೈತಿ.

ಬ್ಯಾಡ ಅಂತ ನಿರ್ಧಾರ ಆದ್ರ ಮನ್ಯಾಗ ಮಾಡೋದು

ಖಾಲಿ ಐತಿ ಅಂತ ಮತ್ತೊಮ್ಮೆ ನೋಡಿ, ಹಳೇ ಮೆತ್ತನ ಪಂಚೆ ತುಂಡಿಗೆ ಹೊಲಿಗಿ ಮಷೀನ್ ಎಣ್ಣಿ ಹಚ್ಚಿ ಒರಸ್ರಿ. ಮೊಂಡ ಜಂಗು ಇದ್ದಲ್ಲಿ ತೂತಿನ ದುಡ್ಡು, ಇಲ್ಲಾ ನಾಕು ಸೊನ್ನಿ ನಂಬರಿನ ಅತೀ ನುಣುಪಿನ ಸ್ಟೀಲ್ ವುಲ್ ಎಣ್ಣಿಯಾಗ ಅದ್ದಿ. ಭಾಂಡಿ ತಿಕ್ಕೋ ಸ್ಕ್ರಬ್ಬರ್ ಅಲ್ಲ, ಎಮರಿ ಕಾಗದ ಅಂತೂ ಅಲ್ಲವೇ ಅಲ್ಲ. ಒಳಗಿನ ಯಂತ್ರ ಬಿಚ್ಚಬ್ಯಾಡ್ರಿ. ಮತ್ತ ಅಡಗಿಮನಿ ಎಣ್ಣಿ ಹಚ್ಚಬ್ಯಾಡ್ರಿ, ನಮ್ಮ ಮನ್ಯಾಗ ಅಪ್ಪ ಎಷ್ಟೋ ವರ್ಷ ಕುಸುಬಿ ಎಣ್ಣಿ ಹಚ್ಚಿದ್ರು, ಅದು ಒಣಗಿ ವಾರ್ನಿಶ್‌ದಂಗ ಅಂಟಾಗಿ ಸಿಲಿಂಡರ್ ತಿರಗವಲ್ದಂಗ ಆಗಿತ್ತು, ಶೇಂಗಾ ಎಣ್ಣಿ ಕಮಟ ವಾಸನಿ ಹಿಡದು ಉಕ್ಕಿಗೆ ಹುಳಿ ಏರಸತೈತಿ. ನಿಕಲ್ ಇದ್ರ ಅಮೋನಿಯಾ ಇರೋ ಕ್ಲೀನರ್ ದೂರ ಇಡ್ರಿ, ಕೆಲವುದರಾಗ ನಿಕಲ್ ಕೆಳಗ ತಾಮ್ರದ ಪದರ ಇರತೈತಿ, ಅಮೋನಿಯಾ ಅದನ್ನ ತಿಂದು ನಿಕಲ್ ಎಬ್ಬಿಸತೈತಿ.

ಚರ್ಮದ ಚೀಲದಾಗ ಇಡಬ್ಯಾಡ್ರಿ. ಚರ್ಮ ಹದ ಮಾಡಿದ ಉಪ್ಪು, ಹುಳಿ ಅದರಾಗ ಉಳದಿರತೈತಿ, ಮಳಿಗಾಲದ ತಂಪು ಹೀರಿಕೊಂಡು ಹಿಡಕೊಂಡು ಕುಂದರತೈತಿ. ಚೀಲ ಬ್ಯಾರೆ, ರಿವಾಲ್ವರ್ ಬ್ಯಾರೆ, ಎಣ್ಣಿ ಸವರಿದ ಹತ್ತಿ ಬಟ್ಟಿಯಾಗ ಸುತ್ತಿ, ಸಿಲಿಕಾ ಜೆಲ್ ಪುಡಿಕಿ ಹಾಕಿ, ಕೀಲಿ ಇರೋ ಕಬ್ಬಿಣದ ಪೆಟ್ಟಿಗಿಯಾಗ. ಧಾರವಾಡದ ಮಳಿ ತಂಪು ಹೆಚ್ಚು, ಜೂನ್‌ದಿಂದ ಸಪ್ಟೆಂಬರ್ ತನಕ 15 ದಿನಕ್ಕೊಮ್ಮೆ ತಗದು ನೋಡ್ರಿ, ಗದಗ ಕಡೆ ಒಣ ಹವಾ, ತಿಂಗಳಿಗೊಮ್ಮೆ ಸಾಕು. ಎಲೆಕ್ಷನ್ ವ್ಯಾಳೇಕ ಸ್ಟೇಷನ್‌ದಾಗ ಇಡಬೇಕಾಗಿ ಬಂದ್ರ ಹಿಂದಿನ ದಿನ ಎಣ್ಣಿ ಸ್ವಲ್ಪ ದಪ್ಪ ಹಚ್ಚಿ, ಬಟ್ಟಿ ಸುತ್ತಿ, ಹೆಸರು ನಂಬರ್ ಬರದ ಚೀಟಿ ಕಟ್ಟಿ ಕೊಡ್ರಿ, ತಿರುಗಿ ತರೋವಾಗ ಅಲ್ಲೇ ನಂಬರ್ ತಾಳೆ ನೋಡಿಕೊಳ್ರಿ, ಮನಿಗೆ ಬಂದ ದಿನಾನ ಒರಸ್ರಿ.

ನನ್ನದರ ಸಿಲಿಂಡರ್ ಮ್ಯಾಲೆ ಒಂದು ಕಡೆ ಹೆಬ್ಬೆರಳು ಊರಿದಷ್ಟು ದುಂಡನ ತಗ್ಗೈತಿ, ಯಾವುದೋ ಮಾನೋಮಿಗೆ ಅಜ್ಜ ಹಚ್ಚಿದ ಕುಂಕುಮದ್ದು. ಕೆಂಪು ಪುಡಿ ಏಳೋದು ನಿಲ್ಲೋತನಕ ಎಣ್ಣಿ ಹಾಕಿ ಕೆರದೆ, ಕಾಫಿ ಬಣ್ಣ ಬಂದ ಕೂಡಲೇ ಬಿಟ್ಟೆ. ಈಗ ಮೂರು ಮಳಿಗಾಲ ಆತು, ಪ್ರತಿ ಸಲ ಬಿಳೇ ಬಟ್ಟಿಲೆ ಆ ಜಾಗಾ ಒರಸಿ ನೋಡ್ತೀನಿ, ಬಟ್ಟಿ ಬೆಳ್ಳಗ ಬರತೈತಿ.